ಅಪ್ಪ ಕಲಿಸಿದ ಬ್ರೇಕು

ಸ್ಟೇರಿಂಗನ್ನೇ ಮುಟ್ಟದವರಿಗೆ ಕಾರು ಕಲಿಸುವುದು ಸುಲಭ. ಹತ್ತು ವರ್ಷ ಓಡಿಸಿದವರಿಗೆ ಕಲಿಸುವುದೇ ಕಷ್ಟ. ನಾವಿಬ್ಬರು ಗೆಳೆಯರು ಕೆಲವು ವರ್ಷಗಳಿಂದ ವಾರದ ಕೊನೆಯಲ್ಲಿ ಈ ಎರಡನೆಯ ಕೆಲಸವನ್ನೇ ಮಾಡುತ್ತಿದ್ದೇವೆ. ಒಬ್ಬರು ವಿದ್ಯಾರ್ಥಿಯ ಪಕ್ಕದಲ್ಲಿ ಕೂರುತ್ತೇವೆ, ಇನ್ನೊಬ್ಬರು ಹೊರಗೆ ನಿಂತು ಕಾರಿನ ಚಲನೆ ನೋಡುತ್ತೇವೆ. ಜಾಗ, ಚೆನ್ನೈ-ಬೆಂಗಳೂರು ಹೆದ್ದಾರಿಯಲ್ಲಿ ಶ್ರೀಪೆರಂಬುದೂರಿನ ಸಮೀಪದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕ್. 1990ರಲ್ಲಿ ಶುರುವಾದ, ಸುಮಾರು 3.7 ಕಿಲೋಮೀಟರ್ ಉದ್ದದ, ಹನ್ನೆರಡು ತಿರುವುಗಳ ಹಾದಿ ಅದು.

ಬರುವವರೆಲ್ಲರಿಗೂ ವೇಗ ಬೇಕು. ಆದರೆ ಅವರ ಜೊತೆಗೆ ಊರಿನ ರಸ್ತೆಯೂ ಬಂದಿರುತ್ತದೆ. ಎಡಗೈ ಗೇರಿನ ಮೇಲೆ, ಎಡಗಾಲು ಕ್ಲಚ್ಚಿನ ಮೇಲೆ, ಕಣ್ಣು ಬಾನೆಟ್ಟಿನ ತುದಿಯಲ್ಲಿ. ಕಣ್ಣು ಹೋದಲ್ಲಿಗೆ ಕೈ ಹೋಗುತ್ತದೆ, ಕೈ ಹೋದಲ್ಲಿಗೆ ಕಾರು. ಗೋಡೆಗೆ ಹೆದರಿ ಗೋಡೆಯನ್ನೇ ನೋಡುವವನು ಗೋಡೆಗೇ ಹೋಗುತ್ತಾನೆ. ಇದನ್ನು ಹೇಗೋ ತಿದ್ದಬಹುದು. ಬ್ರೇಕಿನ ವಿಷಯ ಹಾಗಲ್ಲ.

ರಸ್ತೆಯಲ್ಲಿ ನಾವು ಮೊದಲು ಮೆತ್ತಗೆ ಒತ್ತಿ, ನಿಲ್ಲುವ ಹೊತ್ತಿಗೆ ಜೋರಾಗಿ ಒತ್ತುತ್ತೇವೆ. ಟ್ರ್ಯಾಕಿನಲ್ಲಿ ಇದು ತಲೆಕೆಳಗು. ಕಾರು ನೇರವಾಗಿರುವಾಗಲೇ ಪೂರ್ತಿ ಒತ್ತಬೇಕು; ತಿರುವಿಗೆ ಇಳಿಯುತ್ತ ನಿಧಾನವಾಗಿ ಕಾಲು ಸಡಿಲಿಸಬೇಕು. ಆಗ ಭಾರವೆಲ್ಲ ಮುಂದಿನ ಟೈರುಗಳ ಮೇಲೆ ಉಳಿದು ಅವು ನೆಲವನ್ನು ಗಟ್ಟಿಯಾಗಿ ಹಿಡಿಯುತ್ತವೆ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡ್ ತಡಮಾಡಿದರೆ ಇಪ್ಪತ್ತೆಂಟು ಮೀಟರ್ ಮುಂದೆ ಹೋಗಿರುತ್ತೇವೆ.

ಕೆಲವು ವರ್ಷಗಳ ಹಿಂದೆ ಸಕಲೇಶಪುರ ಕಡೆಯ ಒಬ್ಬ ಹುಡುಗ ಬಂದಿದ್ದ. ಕೈ ಬಹಳ ಹದವಾಗಿತ್ತು. ಕಾಲು ಮಾತ್ರ ಬ್ರೇಕನ್ನು ತಟ್ಟಿ ತಟ್ಟಿ ಬಿಡುತ್ತಿತ್ತು. ಕಾರಿನಲ್ಲಿ ಎಬಿಎಸ್ ಇದೆ, ಒತ್ತಿ ಹಿಡಿ, ಚಕ್ರ ಲಾಕ್ ಆಗದಂತೆ ಅದೇ ನೋಡಿಕೊಳ್ಳುತ್ತದೆ ಎಂದೆವು. ಒತ್ತಿ ಹಿಡಿದರೆ ಕಾಲ ಕೆಳಗೆ ಪೆಡಲು ದಡದಡ ನಡುಗುತ್ತದೆ. ನಡುಗಿದ್ದೇ ತಡ, ಅವನು ಕಾಲು ತೆಗೆಯುತ್ತಿದ್ದ. ಎರಡು ದಿನ ಪ್ರತಿ ತಿರುವಿಗೂ "ತಟ್ಟಬೇಡ, ತಟ್ಟಬೇಡ" ಎಂದು ಕೂಗಿದೆವು. ಮೂರನೆಯ ದಿನ, ನೇರ ಹಾದಿಯ ಕೊನೆಯಲ್ಲಿ, ಅತಿ ವೇಗದಲ್ಲಿ ಬಂದವನು ಮತ್ತೆ ತಟ್ಟಿದ. ಕಾರು ತಿರುವು ಬಿಟ್ಟು ಮಣ್ಣಿಗಿಳಿದು ಒಂದು ಸುತ್ತು ತಿರುಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಹೆದರಿಕೆಗೆ ನಾವು ಇನ್ನೂ ಜೋರಾಗಿ ಬೈದೆವು. ಅವನು ತಲೆ ತಗ್ಗಿಸಿ ಕೂತಿದ್ದ.

ಸಂಜೆ ಚಹಾ ಅಂಗಡಿಯಲ್ಲಿ ಕೇಳಿದೆವು. "ಹೀಗೆ ಬ್ರೇಕ್ ಹಾಕೋದನ್ನ ಯಾರಪ್ಪ ಹೇಳಿಕೊಟ್ಟಿದ್ದು ನಿನಗೆ?"

"ನಮ್ಮಪ್ಪ, ಸಾರ್."

ಅವನ ತಂದೆ ಅಂಬಾಸಿಡರ್ ಟ್ಯಾಕ್ಸಿ ಓಡಿಸುತ್ತಿದ್ದರಂತೆ. ಮಳೆಗಾಲದಲ್ಲಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿ ಬರುವುದು. ಆ ಕಾರಿನಲ್ಲಿ, ಆ ಒದ್ದೆ ರಸ್ತೆಯಲ್ಲಿ, ಒಮ್ಮೆಲೇ ಬ್ರೇಕ್ ಒತ್ತಿ ಹಿಡಿದರೆ ಚಕ್ರ ಲಾಕ್ ಆಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ, ಮುಂದೆ ಕಣಿವೆ. ತಟ್ಟಿ ಬಿಟ್ಟು ತಟ್ಟಿ ಬಿಟ್ಟು ಇಳಿದವರೇ ಮನೆ ಸೇರಿದವರು. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನೇ ಹೇಳಿಕೊಟ್ಟಿದ್ದರು. ಎಬಿಎಸ್ 1978ರಲ್ಲೇ ಜರ್ಮನಿಯ ಮರ್ಸಿಡಿಸ್ ಕಾರಿಗೆ ಬಂದಿತ್ತು, ನಿಜ. ಶಿರಾಡಿಯ ಟ್ಯಾಕ್ಸಿಗೆ ಅದು ಎಲ್ಲಿಂದ ಬರಬೇಕು?

ನಮಗೆ ನಾಚಿಕೆಯಾಯಿತು. ಒಂದು ಮನೆಯನ್ನು ಕಾಪಾಡಿದ ವಿದ್ಯೆಯನ್ನು ನಾವು ಎರಡು ದಿನ ತಪ್ಪು ಎಂದು ಕೂಗಿದ್ದೆವು. ಹುಡುಗ ನಮ್ಮನ್ನು ನಂಬಬೇಕಾದರೆ ಅಪ್ಪನನ್ನು ಬಿಡಬೇಕಿತ್ತು. ಯಾವ ಮಗನ ಕಾಲು ಅದಕ್ಕೆ ಒಪ್ಪೀತು?

ಮರುದಿನ ಟ್ರ್ಯಾಕಿಗೆ ಇಳಿಯಲಿಲ್ಲ. ಪಕ್ಕದ ಖಾಲಿ ಜಾಗದಲ್ಲಿ, ಮೊದಲು ನಿನ್ನ ಅಪ್ಪನ ಹಾಗೆಯೇ ನಿಲ್ಲಿಸು ಎಂದೆವು. ಅರವತ್ತರ ವೇಗದಲ್ಲಿ ಬಂದು ನಿಲ್ಲಿಸಿದ. ನಿಂತಲ್ಲಿ ಒಂದು ಕೋನ್ ಇಟ್ಟೆವು. ಈಗ ಅದೇ ಗುರುತಿನಿಂದ, ಪೆಡಲು ನಡುಗಿದರೂ ಬಿಡದೆ ಒಂದು, ಎರಡು, ಮೂರು ಎಂದು ಬಾಯಲ್ಲಿ ಎಣಿಸು ಎಂದೆವು. ಇನ್ನೊಂದು ಕೋನ್ ಇಟ್ಟೆವು. ನಡುವಿನ ಅಂತರ ಒಂದು ಕಾರಿನ ಉದ್ದಕ್ಕಿಂತ ಹೆಚ್ಚಿತ್ತು. ಹುಡುಗ ಇಳಿದು ಬಂದು ಎರಡು ಕೋನುಗಳ ನಡುವೆ ಹೆಜ್ಜೆ ಹಾಕಿ ಅಳೆದ. ನಾವು ಬಾಯಿ ಬಿಡಲಿಲ್ಲ.

ಆಮೇಲೆ ಇಪ್ಪತ್ತರ ವೇಗದಿಂದ ಶುರುಮಾಡಿ ಬೆಳಗಿನಿಂದ ಮಧ್ಯಾಹ್ನದವರೆಗೆ ಅದೊಂದೇ. ಬೇಡ ಎಂದರೆ ಕಾಲಿಗೆ ಅರ್ಥವಾಗದು, ಬದಲಿಗೆ ಒಂದು ಕೆಲಸ ಕೊಡಬೇಕು. ಅವನ ಕಾಲಿಗೆ ಆ ಎಣಿಕೆಯೇ ಕೆಲಸವಾಯಿತು. ಟ್ರ್ಯಾಕಿಗೆ ಮರಳಿದ ಮೇಲೂ ಗಾಬರಿಯಾದಾಗ ಹಳೆಯದು ಒಂದೆರಡು ಸಲ ತಲೆಹಾಕಿತು. ಹಾಕದೆ ಇರುತ್ತದೆಯೇ?

ನಮ್ಮದೇ ಚಾಳಿ ಬಿಡುವುದು ಇದಕ್ಕಿಂತ ಕಷ್ಟವಾಯಿತು. ಪ್ರತಿ ತಿರುವಿಗೂ ಮಾತಾಡುವ ಚಾಳಿ ಅದು. ನಮಗೆ ಕಲಿಸಿದವರೂ ಕೂಗಿಯೇ ಕಲಿಸಿದ್ದರು. ಈಗ ತಿರುವಿಗೆ ಮೊದಲು ಒಂದೇ ಮಾತು, "ಒತ್ತು". ಆಮೇಲೆ ಮೌನ. ಹೊರಗೆ ನಿಂತವರು ಸುತ್ತು ಮುಗಿದ ಮೇಲೆ, ಹುಡುಗ ಬ್ರೇಕ್ ಎಲ್ಲಿ ಒತ್ತಿದ ಎಂಬುದಕ್ಕಿಂತ ಮೊದಲು, ಒಳಗಿದ್ದವರು ಎಷ್ಟು ಸಲ ಬಾಯಿ ಬಿಟ್ಟರು ಎಂದು ಕೇಳುತ್ತೇವೆ.

ಹೊರಡುವ ದಿನ ಆ ಹುಡುಗ ಹಿಂಜರಿಯುತ್ತ ಕೇಳಿದ. "ಸಾರ್, ಅಪ್ಪನ ಅಂಬಾಸಿಡರ್ ಇನ್ನೂ ಮನೇಲಿದೆ. ಅದರಲ್ಲಿ ಏನು ಮಾಡ್ಲಿ?"

"ಅದರಲ್ಲಿ ಅಪ್ಪ ಹೇಳಿದ ಹಾಗೇ ಮಾಡು" ಎಂದೆವು. ಅಷ್ಟೂ ದಿನಗಳಲ್ಲಿ ಮೊದಲ ಸಲ ಅವನು ನಕ್ಕ.