ಬಿಟ್ಟುಹೋದ ಒಂದು ಸಾಲು

ಬೆಳೆ ವಿಮೆ ಬಗ್ಗೆ ನಾವು ಬರೆದ ಸಣ್ಣ ವರದಿಯೊಂದರಲ್ಲಿ ಕೊನೆಯ ದಿನಾಂಕ ಇತ್ತು, ಇಸವಿ ಇರಲಿಲ್ಲ. ಆ ವರ್ಷ ಯಾರಿಗೂ ತೊಂದರೆಯಾಗಲಿಲ್ಲ. ಮರುವರ್ಷ ನಮ್ಮಲ್ಲೊಬ್ಬರು, ಹೆಚ್ಚು ಜನ ಓದಿದ ಹಳೆಯ ಬರಹಗಳು ಮೊದಲು ಕಾಣುವಂತೆ ಬ್ಲಾಗ್ ಬದಲಿಸಿದರು. ಉಳಿದವರು ನೋಡಿ ‘ಚೆನ್ನಾಗಿದೆ’ ಎಂದೆವು. ರೈತರೊಬ್ಬರು ಆ ಹಳೆಯ ದಿನಾಂಕ ನಂಬಿ ದುಡ್ಡು ಹಿಡಿದು ಹೋದರು. ಆ ಸಲ ಗಡುವು ಮೊದಲೇ ಮುಗಿದಿತ್ತು. ‘ನೀವೇ ಬರ್ದಿದ್ರಲ್ಲಪ್ಪಾ’ ಎಂದು ಫೋನಿನಲ್ಲಿ ಕೇಳಿದಾಗ ನಮ್ಮ ಬಾಯಿಂದ ಮಾತು ಹೊರಡಲಿಲ್ಲ.

ಇಂಥದೇ ತಪ್ಪು ಲಿನಕ್ಸ್ ಕರ್ನಲ್‌ನಲ್ಲೂ ಆಗಿತ್ತೆಂದು ಆಮೇಲೆ ಓದಿದೆವು. ಆಂಡ್ರಾಯ್ಡ್ ಫೋನುಗಳನ್ನೆಲ್ಲ ಒಳಗಿನಿಂದ ನಡೆಸುವ ಮೂಲ ತಂತ್ರಾಂಶ ಅದು.

ಒಮ್ಮೆ ಓದಿದ ಫೈಲಿನ ಪ್ರತಿಯನ್ನು ಕರ್ನಲ್ ಮೆಮೊರಿಯಲ್ಲಿ ಇಟ್ಟುಕೊಂಡು, ಮತ್ತೆ ಕೇಳಿದರೆ ಅದನ್ನೇ ಕೊಡುತ್ತದೆ. ಅಟ್ಟದ ಮೂಟೆಯಿಂದ ಅಕ್ಕಿ ತಂದು ಒಲೆ ಪಕ್ಕದ ಡಬ್ಬಿಯಲ್ಲಿ ಇಟ್ಟ ಹಾಗೆ. ಇದಕ್ಕೆ ಪೇಜ್ ಕ್ಯಾಷ್ ಎಂದು ಹೆಸರು. ಡಬ್ಬಿಗೆ ಕಲ್ಲು ಬಿದ್ದರೆ, ಮೂಟೆ ಚೆನ್ನಾಗಿದ್ದರೂ ಊಟ ಕೆಡುತ್ತದೆ.

ಫೈಲನ್ನು ಇನ್ನೊಂದು ಪ್ರೋಗ್ರಾಂಗೆ ಸಾಗಿಸಲು ಕರ್ನಲ್ ಈ ಡಬ್ಬಿಯನ್ನೇ ‘ಪೈಪ್’ ಎಂಬ ದಾರಿಯ ಖಾನೆಗೆ ಜೋಡಿಸಬಲ್ಲದು. 2016ರಲ್ಲಿ ಸೇರಿಸಿದ ಕೋಡಿನಲ್ಲಿ, ಖಾನೆಯ ಹಳೆಯ ಗುರುತು ಅಳಿಸುವ ಸಾಲು ಬಿಟ್ಟುಹೋಗಿತ್ತು. ಆಗ ಅದರಿಂದ ಅಪಾಯ ಇರಲಿಲ್ಲ. 2020ರಲ್ಲಿ ಕೋಡನ್ನು ಚೊಕ್ಕ ಮಾಡುವಾಗ ‘ಇಲ್ಲಿಗೇ ಸೇರಿಸಿ ಬರೆಯಬಹುದು’ ಎಂಬ ಅನುಮತಿಯೂ ಆ ಗುರುತುಗಳಲ್ಲಿ ಒಂದಾಯಿತು. ಅಲ್ಲಿಂದ, ಫೈಲನ್ನು ಓದಲಷ್ಟೇ ಅನುಮತಿ ಇದ್ದವರೂ ಡಬ್ಬಿಯಲ್ಲಿದ್ದ ಪ್ರತಿಯನ್ನು ತಿದ್ದಬಹುದಾಯಿತು.

ಗ್ರಾಹಕರ ಲಾಗ್ ಫೈಲುಗಳು ಯಾಕೆ ಕೆಡುತ್ತಿವೆ ಎಂದು ತಿಂಗಳುಗಟ್ಟಲೆ ಬೆನ್ನುಹತ್ತಿದ ಮ್ಯಾಕ್ಸ್ ಕೆಲರ್‌ಮನ್ ಎಂಬ ಪ್ರೋಗ್ರಾಮರ್ ಇದನ್ನು ಹಿಡಿದರು. 2022ರ ಮಾರ್ಚ್‌ನಲ್ಲಿ ‘ಡರ್ಟಿ ಪೈಪ್’ ಎಂಬ ಹೆಸರಿನಲ್ಲಿ ಸುದ್ದಿ ಹೊರಬಂತು. ಆಗಿನ ಕೆಲವು ಹೊಸ ಫೋನುಗಳಲ್ಲೂ ಈ ದೋಷ ಇತ್ತು. ಪರಿಹಾರ? ಗುರುತು ಅಳಿಸುವ ಒಂದೇ ಸಾಲು, ಎರಡು ಕಡೆ.

ಕರ್ನಲ್ ಕೋಡಿನ ಬದಲಾವಣೆಗಳನ್ನು ಇಮೇಲ್‌ನಲ್ಲಿ ಕಳಿಸುತ್ತಾರೆ. ತೆಗೆದ ಸಾಲಿಗೆ ಮೈನಸ್, ಸೇರಿಸಿದ ಸಾಲಿಗೆ ಪ್ಲಸ್. ಪರಿಶೀಲಿಸುವವರು ಅದನ್ನು ಓದಿ ಒಪ್ಪುತ್ತಾರೆ. ಬರೆಯದೇ ಬಿಟ್ಟ ಸಾಲಿಗೆ ಮಾತ್ರ ಮೈನಸ್ಸೂ ಇಲ್ಲ, ಪ್ಲಸ್ಸೂ ಇಲ್ಲ. ಅದು ಕಣ್ಣಿಗೆ ಬೀಳುವುದಾದರೂ ಹೇಗೆ?

ನಮ್ಮಲ್ಲೂ ಆದದ್ದು ಅದೇ. ಇಸವಿ ಬಿಟ್ಟವರನ್ನೂ ಬ್ಲಾಗ್ ಬದಲಿಸಿದವರನ್ನೂ ಬೈದುಕೊಂಡು ಪ್ರಯೋಜನವಿಲ್ಲ, ಎರಡನ್ನೂ ಓದಿ ಒಪ್ಪಿದವರು ನಾವೇ. ಈಗ ಒಬ್ಬರ ಬರಹ ಇನ್ನೊಬ್ಬರು ಓದುವಾಗ ‘ಬರೆದದ್ದು ಸರಿಯೇ’ ಎನ್ನುವುದರ ಜೊತೆಗೆ ‘ಬಿಟ್ಟದ್ದೇನು’ ಎಂದೂ ಕೇಳುತ್ತೇವೆ. ಆ ರೈತರ ಆ ವರ್ಷದ ವಿಮೆಯಂತೂ ಹೋಯಿತು.

ನಿಮ್ಮ ಫೋನು ಅಪ್‌ಡೇಟ್ ಕೇಳಿದರೆ ಮುಂದೂಡಬೇಡಿ, ಇಂಥ ಸಾಲುಗಳು ಬರುವುದು ಅದರಲ್ಲೇ. ನಮ್ಮ ಹಳೆಯ ವರದಿಗಳಲ್ಲಿ ಇಸವಿ ಇಲ್ಲದ ದಿನಾಂಕ ಕಂಡರೆ ದಯವಿಟ್ಟು ಹೇಳಿ.