ಅಳೆದು ಹೇಳಿದ್ದೋ, ಒಪ್ಪಿಸಿದ್ದೋ?

2018ರ ಡಿಸೆಂಬರ್ 26. ಮೆಲ್ಬರ್ನ್‌ನಲ್ಲಿ ಬಾಕ್ಸಿಂಗ್ ಡೇ ಟೆಸ್ಟ್ ಶುರುವಾಗುವ ದಿನ. ಮೈಸೂರಿನಿಂದ ಮಗನ ಮನೆಗೆ ಬಂದಿದ್ದ ನಿವೃತ್ತ ವಿಜ್ಞಾನ ಮೇಷ್ಟ್ರು ಬೆಳಿಗ್ಗೆ ಬೇಗನೆ ಸ್ನಾನ ಮುಗಿಸಿ, ಕಾಫಿ ಲೋಟ ಹಿಡಿದು ಕುಳಿತಿದ್ದರು. ಕರ್ನಾಟಕದ ಹುಡುಗ ಮಯಾಂಕ್ ಅಗರ್‌ವಾಲ್‌ಗೆ ಅದು ಮೊದಲ ಟೆಸ್ಟ್. ಆದರೆ ಮನೆಯ ಟಿ.ವಿ. ಕೆಟ್ಟು ವಾರವಾಗಿತ್ತು.

"ಚಿಂತೆ ಬೇಡ ತಾತ" ಎಂದ, ಹನ್ನೊಂದನೇ ತರಗತಿ ಮುಗಿಸಿದ್ದ ಮೊಮ್ಮಗ. ಹೆಬ್ಬೆರಳು ಗಾತ್ರದ ಡಿಜಿಟಲ್ ಟ್ಯೂನರೊಂದನ್ನು ಕಂಪ್ಯೂಟರಿಗೆ ಸಿಕ್ಕಿಸಿದ. ಲಂಡನ್ನಿನ ಗೆಳೆಯ ಕೊಟ್ಟ ಚಾನೆಲ್ ಪಟ್ಟಿ ಅವನ ಬಳಿಯಿತ್ತು. ಅದರಲ್ಲಿ ಆವರ್ತನವನ್ನಷ್ಟೇ ಬದಲಿಸಿ, ಚಾನೆಲ್ ಸೆವೆನ್‌ನ 177.5 ಮೆಗಾಹರ್ಟ್ಸ್ ಎಂದು ಬರೆದ. ಸಂಕೇತದ ಬಲ ತೋರಿಸುವ ಪಟ್ಟಿ ತುಂಬಿ ನಿಂತಿತು. ಚಿತ್ರ ಮಾತ್ರ ಇಲ್ಲ!

ಹುಡುಗ ತಂತಿ ಅಲುಗಾಡಿಸಿದ, ಆಂಟೆನಾ ಕಿಟಕಿಗೆ ಸರಿಸಿದ. ಕೊನೆಗೆ ಡ್ರೈವರನ್ನೇ ವಿಚಾರಿಸಿದ. ಡ್ರೈವರ್ ಎಂದರೆ ಟ್ಯೂನರಿಗೂ ಕಂಪ್ಯೂಟರಿಗೂ ನಡುವೆ ನಿಂತ ದುಭಾಷಿ ತಂತ್ರಾಂಶ. ಚಾನೆಲ್ಲಿನ ಅಗಲ, ಅಂದರೆ ಬ್ಯಾಂಡ್‌ವಿಡ್ತ್ ಎಷ್ಟು ಎಂದರೆ ಅದು ತಡವರಿಸದೆ 80,00,000 ಹರ್ಟ್ಸ್ ಎಂದಿತು. "ನೋಡಿ ತಾತ, ಅಗಲವೂ ಸರಿಯಾಗಿಯೇ ಇದೆ."

ಮೇಷ್ಟ್ರು ಕನ್ನಡಕ ಏರಿಸಿ ಕೇಳಿದರು: "ಅದು ಅಳೆದು ಹೇಳಿದ್ದೋ, ನೀನು ಹೇಳಿದ್ದನ್ನೇ ಒಪ್ಪಿಸಿದ್ದೋ?"

ಪ್ರಶ್ನೆ ಸಣ್ಣದು, ಆದರೆ ಕೇಳಬೇಕಾದದ್ದು. ಡಿ.ವಿ.ಬಿ.-ಟಿ ಪದ್ಧತಿಯ ಪ್ರಸಾರ ತನ್ನ ಬಗ್ಗೆ ಎಷ್ಟೋ ಸಂಗತಿಗಳನ್ನು ತಾನೇ ಸಾರಿಕೊಂಡು ಬರುತ್ತದೆ. ಯಾವ ಬಗೆಯ ಮಾಡ್ಯುಲೇಶನ್, ತಪ್ಪು ತಿದ್ದಲು ಎಷ್ಟು ಹೆಚ್ಚುವರಿ ಮಾಹಿತಿ, ಎಲ್ಲವೂ ಅದರ ಸಂಜ್ಞಾವಾಹಕಗಳಲ್ಲಿ ಇರುತ್ತವೆ. ಅಗಲ ಮಾತ್ರ ಅವುಗಳಲ್ಲಿಲ್ಲ. ಪ್ರಸಾರದ ಕೋಷ್ಟಕಗಳಲ್ಲಿ ಅದನ್ನು ನಮೂದಿಸಬಹುದಾದರೂ, ಸಂಕೇತ ಕೈಗೆ ಸಿಕ್ಕ ಮೇಲಷ್ಟೇ ಅದನ್ನು ಓದಲು ಸಾಧ್ಯ. ಬೀಗ ಹಾಕಿದ ಪೆಟ್ಟಿಗೆಯೊಳಗೆ ಅದರ ಕೀಲಿಕೈ ಇಟ್ಟಂತೆ! ಆದ್ದರಿಂದ ಅಗಲವನ್ನು ಸಾಮಾನ್ಯವಾಗಿ ನಾವೇ ಮೊದಲು ಹೇಳಬೇಕು. ನಾವು ಹೇಳಿದ್ದನ್ನು ಡ್ರೈವರ್ ನೆನಪಿಟ್ಟುಕೊಂಡು, ಕೇಳಿದಾಗ ಹಾಗೆಯೇ ಮರಳಿಸುತ್ತದೆ.

ಎಲ್ಲ ಕಡೆ ಹೀಗೆಯೇ ಎಂದಲ್ಲ. ಯೂರೋಪಿನ ಕೇಬಲ್ ಪದ್ಧತಿಯಲ್ಲಿ ಲಿನಕ್ಸ್ ತಂತ್ರಾಂಶ ಅಗಲವನ್ನು ಲೆಕ್ಕ ಹಾಕಿಯೇ ಪಡೆಯುತ್ತದೆ. ಸೆಕೆಂಡಿಗೆ 69 ಲಕ್ಷ ಸಿಂಬಲ್‌ಗಳಿದ್ದರೆ ಅದನ್ನು 1.15ರಿಂದ ಗುಣಿಸಬೇಕು, 79.35 ಲಕ್ಷ ಹರ್ಟ್ಸ್ ಆಯಿತು, 8 ಮೆಗಾಹರ್ಟ್ಸ್‌ನೊಳಗೆ ಕೂರುತ್ತದೆ. ಆಂಟೆನಾದಿಂದ ಬರುವ ಡಿ.ವಿ.ಬಿ.-ಟಿ ಪ್ರಸಾರಕ್ಕೆ ಈ ಲೆಕ್ಕ ನಡೆಯದು.

"ಪಕ್ಕದ ಚಾನೆಲ್‌ಗಳ ಆವರ್ತನ ಓದು" ಎಂದರು ಮೇಷ್ಟ್ರು. 177.5, 184.5, 191.5. ಹುಡುಗ ಓದುತ್ತಲೇ ನಿಲ್ಲಿಸಿದ. ಒಂದರಿಂದ ಒಂದಕ್ಕೆ ಅಂತರ 7! ಏಳಡಿ ಅಂತರದ ಸಾಲುಮನೆಗಳಲ್ಲಿ ಎಂಟಡಿ ಅಗಲದ ಮನೆ ಹೇಗಿದ್ದೀತು? ಬ್ರಿಟನ್ನಿನಲ್ಲಿ ಚಾನೆಲ್ಲಿನ ಅಗಲ 8 ಮೆಗಾಹರ್ಟ್ಸ್, ಆಸ್ಟ್ರೇಲಿಯಾದಲ್ಲಿ 7. ಗೆಳೆಯನ ಪಟ್ಟಿಯಲ್ಲಿದ್ದ 8 ಹಾಗೇ ಉಳಿದುಹೋಗಿತ್ತು.

ಒಂದು ಮೆಗಾಹರ್ಟ್ಸ್ ಹೆಚ್ಚಾದರೆ ಅಷ್ಟೇನು ನಷ್ಟ ಎನ್ನಬಹುದು. ಪಕ್ಕದ ಚಾನೆಲ್ಲಿನ ಗದ್ದಲ ಒಳನುಗ್ಗುವುದು ಒಂದು. ಅದಕ್ಕಿಂತ ದೊಡ್ಡದು ಕಾಲದ ತಪ್ಪು. ಇಲ್ಲಿ ಬಳಸುವ 8ಕೆ ವಿಧಾನದಲ್ಲಿ 8 ಮೆಗಾಹರ್ಟ್ಸ್ ಚಾನೆಲ್ಲಿನ ಒಂದೊಂದು ಸಿಂಬಲ್ 896 ಮೈಕ್ರೋಸೆಕೆಂಡ್, 7ರಲ್ಲಿ 1024. ಹಾಡುವವರದು ಒಂದು ಕಾಲ, ಮೃದಂಗದ್ದು ಇನ್ನೊಂದು ಎಂದರೆ ಕಛೇರಿ ನಡೆದೀತೇ? ಶಬ್ದವೇನೋ ಜೋರಾಗಿರುತ್ತದೆ, ಸಂಗೀತವಿರುವುದಿಲ್ಲ. ಬಲದ ಪಟ್ಟಿ ತುಂಬಿದ್ದೂ ಚಿತ್ರ ಬಾರದಿದ್ದುದು ಇದಕ್ಕೇ.

8 ಅಳಿಸಿ 7 ಬರೆದ. ಕ್ಷಣದಲ್ಲಿ ಹಸಿರು ಮೈದಾನ ಮೂಡಿತು. ಮಯಾಂಕ್ ಕ್ರೀಸಿನಲ್ಲೇ ಇದ್ದ. ಅವನು 76 ರನ್ನಿಗೆ ಔಟಾಗುವವರೆಗೆ ಇಬ್ಬರೂ ಕುರ್ಚಿ ಬಿಟ್ಟೇಳಲಿಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ಅಪ್ಪ ಎಂದಿನಂತೆ ಕೇಳಿದರು: "ಗಣಿತ ಎಲ್ಲಾ ಚೆನ್ನಾಗಿದೆ ತಾನೆ?" ವರ್ಷವಿಡೀ ಅದೇ ಪ್ರಶ್ನೆ, ವರ್ಷವಿಡೀ "ಹೂಂ" ಎಂಬ ಅದೇ ಉತ್ತರ. ಈ ಸಲ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ತಾತನ ಮುಖ ನೋಡಿದ. ಆಮೇಲೆ ಮೆಲ್ಲಗೆ, "ಇಲ್ಲ ಅಪ್ಪಾ. ಕ್ಯಾಲ್ಕುಲಸ್ ನನಗೆ ಅರ್ಥವೇ ಆಗ್ತಿಲ್ಲ" ಎಂದ.

ತಂದೆಯ ಕೈ ತಟ್ಟೆಯ ಮೇಲೇ ನಿಂತಿತು. ರೇಗುವರೇನೋ ಎಂದು ಹುಡುಗ ತಲೆ ತಗ್ಗಿಸಿದ. ಮೇಷ್ಟ್ರು ಮಗನತ್ತ ತಿರುಗಿ, "ಉತ್ತರವನ್ನೂ ನೀನೇ ಸೇರಿಸಿ ಕೇಳಿದರೆ ಮಗು ಅದನ್ನೇ ಒಪ್ಪಿಸುತ್ತೆ ಕಣೋ. ಈಗ ಅಳೆದು ಹೇಳಿದಾನೆ, ಕೇಳಿಸ್ಕೊ" ಎಂದರು.

ಊಟವಾದ ಮೇಲೆ ಆ ಮನೆಯಲ್ಲಿ ಮೂವರೂ ಒಂದೇ ಮೇಜಿನ ಸುತ್ತ ಕುಳಿತರು. ನಡುವೆ ಗಣಿತದ ಪುಸ್ತಕ ತೆರೆದಿತ್ತು.