ಕಾಲುವೆಯ ಏರಿಯ ಮೇಲೆ ಸೈಕಲ್ ಸವಾರಿ

ಬೆಳಗಾವಿ ಜಿಲ್ಲೆಯ ಘೋಡಗೇರಿ ಹುಕ್ಕೇರಿ ತಾಲ್ಲೂಕಿನ ಊರು. ಗೋಕಾಕ, ಮೂಡಲಗಿ ತಾಲ್ಲೂಕುಗಳು ನೆರೆಯಲ್ಲೇ ಇವೆ. ಇದು ಘಟಪ್ರಭೆಯ ನೀರು ಉಂಡು ಬೆಳೆದ ಕಬ್ಬಿನ ಸೀಮೆ. ಇಲ್ಲಿಂದ ಸೈಕಲ್ ಹತ್ತಿ ಹೊರಡುವವರ ಮುಂದೆ ಎರಡು ಬಗೆಯ ಹಾದಿಗಳಿವೆ. ಒಂದು ಡಾಂಬರು ರಸ್ತೆ. ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಈ ರಸ್ತೆಯನ್ನು ತುಂಬಿಬಿಡುತ್ತವೆ. ಹೇರಿದ ಕಬ್ಬು ಎರಡೂ ಬದಿಗೆ ಚಾಚಿಕೊಂಡಿರುತ್ತದೆ. ಪಾಟಿಚೀಲ ಬೆನ್ನಿಗೇರಿಸಿದ ಹುಡುಗ ರಸ್ತೆ ಬಿಟ್ಟು ಮಣ್ಣಿಗೆ ಇಳಿಯಲೇಬೇಕು. ಇನ್ನೊಂದು, ಹೊಲಗಳ ನಡುವೆ ಹಾಯ್ದು ಹೋಗಿ ಕಾಲುವೆಯ ಏರಿಯನ್ನು ಸೇರುವ ಹಾದಿ. ಅಲ್ಲಿ ಹಾರ್ನ್ ಸದ್ದು ಅಪರೂಪ. ಈ ಎರಡನೆಯ ಹಾದಿಯ ಬೆಲೆ ಏನೆಂಬುದನ್ನು ತಿಳಿಯಲು ದೂರದ ಇಂಗ್ಲೆಂಡಿನ ಕಡೆ ಒಮ್ಮೆ ನೋಡುವುದು ಒಳ್ಳೆಯದು.

ಇಂಗ್ಲೆಂಡಿನಲ್ಲಿ ಸೈಕಲ್ ಪ್ರವಾಸದ ಹವ್ಯಾಸ ಹಳೆಯದು. ಅಲ್ಲಿಯ ಸೈಕಲ್ ಪ್ರವಾಸಿಗಳ ಸಂಘ 1878ರಷ್ಟು ಹಿಂದೆಯೇ ಹುಟ್ಟಿತು. ಆಗ ಹಳ್ಳಿಯ ರಸ್ತೆಗಳೆಲ್ಲ ಸೈಕಲ್ಲಿನವೇ. ಮುಂದೆ ಮೋಟಾರು ಕಾರುಗಳು ಹೆಚ್ಚಿ ಸೈಕಲ್ಲನ್ನು ಅಂಚಿಗೆ ತಳ್ಳಿದವು. ಆ ಹೊತ್ತಿಗೆ ಇನ್ನೊಂದು ಸಂಗತಿ ನಡೆಯಿತು. 1963ರಲ್ಲಿ ಡಾ. ರಿಚರ್ಡ್ ಬೀಚಿಂಗ್ ಅವರ ವರದಿ ನಷ್ಟದಲ್ಲಿದ್ದ ಸುಮಾರು 5,000 ಮೈಲಿ ರೈಲು ಮಾರ್ಗವನ್ನು ಮುಚ್ಚಲು ಸಲಹೆ ಮಾಡಿತು. ಹಳಿ ಕಿತ್ತ ದಾರಿಗಳು ಮುಳ್ಳುಕಂಟಿ ಬೆಳೆದು ಬಿದ್ದುಕೊಂಡವು. ಬ್ರಿಸ್ಟಲ್ ನಗರದ ಸೈಕಲ್ ಪ್ರೇಮಿಗಳು 1977ರಲ್ಲಿ ಒಂದು ಸಂಘ ಕಟ್ಟಿದರು. ಅದೇ ಮುಂದೆ ಸಸ್ಟ್ರಾನ್ಸ್ ಎಂದು ಹೆಸರಾಯಿತು. ಸ್ವಯಂಸೇವಕರು ಸಲಿಕೆ ಹಿಡಿದು, 1979ರಿಂದ 1986ರ ಒಳಗೆ, ಬ್ರಿಸ್ಟಲ್‌ನಿಂದ ಬಾತ್ ನಗರದವರೆಗಿನ ಹಳೆಯ ರೈಲು ದಾರಿಯನ್ನು 13 ಮೈಲಿ ಉದ್ದದ ಸೈಕಲ್ ಹಾದಿಯಾಗಿ ಮಾಡಿದರು. ಇಡೀ ದೇಶಕ್ಕೆ ಹಬ್ಬಿದ ಸೈಕಲ್ ಹಾದಿಗಳ ಜಾಲಕ್ಕೆ ಅದೇ ನಾಂದಿ.

ಅಲ್ಲಿಯ ಇನ್ನೊಂದು ಬಗೆಯ ಹಾದಿ ಕಾಲುವೆಯ ದಂಡೆಯದು. ಹಿಂದೆ ಸರಕು ತುಂಬಿದ ದೋಣಿಗಳನ್ನು ದಂಡೆಯ ಮೇಲೆ ನಡೆಯುವ ಕುದುರೆಗಳು ಹಗ್ಗದಿಂದ ಎಳೆಯುತ್ತಿದ್ದವು. ಕುದುರೆಯ ಕಾಲ ಮುಗಿದರೂ ಅದು ನಡೆದ ಹಾದಿ ಉಳಿಯಿತು. 1810ರಲ್ಲಿ ಪೂರ್ತಿಯಾದ ಕೆನೆಟ್ ಮತ್ತು ಏವನ್ ಕಾಲುವೆಯ ದಂಡೆಯ ಮೇಲೆ ಇಂದು ಮಕ್ಕಳು ಮುದುಕರೆನ್ನದೆ ಸೈಕಲ್ ತುಳಿಯುತ್ತಾರೆ. ಗಮನಿಸಬೇಕಾದ ಮಾತೆಂದರೆ, ಈ ಎರಡೂ ಕಡೆ ಹೊಸದಾಗಿ ಜಮೀನು ಕೊಂಡು ದಾರಿ ಕಡಿಯಲಿಲ್ಲ. ಬೇರೆ ಕೆಲಸಕ್ಕೆಂದು ಹಿರಿಯರು ಮಾಡಿಟ್ಟ ಸಮತಟ್ಟಾದ ದಾರಿಯನ್ನೇ ಸೈಕಲ್ಲಿಗೆ ಬಿಟ್ಟುಕೊಟ್ಟರು.

ಅಂಥ ದಾರಿ ಘಟಪ್ರಭೆಯ ಸೀಮೆಯಲ್ಲಿ ಆಗಲೇ ಇದೆ. ಧೂಪದಾಳದಲ್ಲಿ ನದಿಗೆ ಅಡ್ಡಲಾಗಿ ಕಲ್ಲಿನ ಒಡ್ಡು ಕಟ್ಟಿದ್ದು 1897ರಲ್ಲಿ. ಅಲ್ಲಿಂದ ಹೊರಡುವ ಎಡದಂಡೆ ಕಾಲುವೆ ಮೊದಲ ಹಂತದಲ್ಲಿ 71 ಕಿಲೋಮೀಟರ್ ಇತ್ತು. ಹಿಡಕಲ್ ಅಣೆಕಟ್ಟೆ ಬಂದ ಮೇಲೆ ಅದು 109 ಕಿಲೋಮೀಟರಿಗೆ ಬೆಳೆಯಿತು. ದೊಡ್ಡ ಕಾಲುವೆ ಎಂದ ಮೇಲೆ ಎಂಜಿನಿಯರರು ಜೀಪಿನಲ್ಲಿ ಓಡಾಡಿ ನೋಡಿಕೊಳ್ಳಲು ಏರಿಯ ಮೇಲೊಂದು ಹಾದಿ ಇರಲೇಬೇಕು. ಸೈಕಲ್ಲಿಗೆ ಬೇಕಾದುದು ಅಷ್ಟೇ.

ಕಾಲುವೆಯ ಹಾದಿ ಸೈಕಲ್ಲಿಗೆ ಏಕೆ ಹಿತ? ಇದಕ್ಕೆ ಪ್ರೌಢಶಾಲೆಯ ವಿಜ್ಞಾನವೇ ಉತ್ತರ ಕೊಡುತ್ತದೆ. ಹುಡುಗ, ಸೈಕಲ್ ಎರಡೂ ಸೇರಿ 60 ಕಿಲೋ ತೂಗುತ್ತವೆ ಎನ್ನೋಣ. ಐವತ್ತು ಮೀಟರ್ ನಡೆದರೆ ಒಂದು ಮೀಟರ್ ಏರುವ ರಸ್ತೆಯಲ್ಲಿ ಭೂಮಿ ಅವನನ್ನು ಸುಮಾರು 1,200 ಗ್ರಾಂ ತೂಕದ ಬಲದಿಂದ ಹಿಂದಕ್ಕೆ ಎಳೆಯುತ್ತದೆ. ಕಾಲುವೆಯಲ್ಲಿ ನೀರು ಮಣ್ಣು ಕೊಚ್ಚದೆ ಮೆಲ್ಲಗೆ ಹರಿಯಬೇಕಾದುದರಿಂದ ಅದರ ಇಳಿಜಾರು ಬಲು ಕಡಿಮೆ. ಕಿಲೋಮೀಟರಿಗೆ 20 ಸೆಂಟಿಮೀಟರ್ ಎಂದು ಹಿಡಿದರೆ ಆ ಎಳೆತ ಬರೀ 12 ಗ್ರಾಂ, ಅಂದರೆ ಎರಡು ಮೂರು ಚಮಚ ಸಕ್ಕರೆಯ ತೂಕ! ಉಳಿಯುವುದು ಗಾಲಿ ಮತ್ತು ನೆಲದ ತಿಕ್ಕಾಟ, ಎದುರು ಗಾಳಿ. ಹತ್ತು ವರ್ಷದ ಹುಡುಗಿ, ಐವತ್ತು ದಾಟಿದ ಅಪ್ಪ ಜೊತೆಜೊತೆಗೆ ಹೋಗಬಹುದಾದ ಹಾದಿ ಇದು. ಆದರೆ ಗಾಳಿಯನ್ನು ಮರೆಯಬಾರದು. ಮಳೆಗಾಲದ ತಿಂಗಳುಗಳಲ್ಲಿ ಪಡುವಣ ಗಾಳಿ ಪೂರ್ವಕ್ಕೆ ಹೋಗುವಾಗ ಬೆನ್ನು ತಟ್ಟುತ್ತದೆ, ಮರಳಿ ಬರುವಾಗ ಎದೆಗೆ ಒದೆಯುತ್ತದೆ. ಶಕ್ತಿಯನ್ನು ಅರ್ಧ ಉಳಿಸಿಕೊಂಡೇ ಹಿಂದಿರುಗಬೇಕು.

ನೋಡಲು ಏನುಂಟು ಎಂದು ಕೇಳುವವರಿಗೂ ಕೊರತೆಯಿಲ್ಲ. ಧೂಪದಾಳದ ಹಿನ್ನೀರಿನ ಸುತ್ತಲ ಪ್ರದೇಶ 1974ರಿಂದ ಘಟಪ್ರಭಾ ಪಕ್ಷಿಧಾಮ. ಅದರ ವಿಸ್ತಾರ ಸುಮಾರು 29 ಚದರ ಕಿಲೋಮೀಟರ್. ನವೆಂಬರಿನಿಂದ ಮಾರ್ಚಿಯವರೆಗೆ ಬೂದುಬಣ್ಣದ ಡೆಮೊಸೆಲ್ ಕ್ರೌಂಚಗಳೂ ಯುರೋಪಿನ ಬಿಳಿ ಕೊಕ್ಕರೆಗಳೂ ಇಲ್ಲಿ ಬಂದಿಳಿಯುತ್ತವೆ. ಮೋಟಾರು ಬೈಕಿನ ಸದ್ದಿಗೆ ಹಾರಿಹೋಗುವ ಹಕ್ಕಿ, ಸೈಕಲ್ಲಿನವನನ್ನು ಒಂದಿಷ್ಟು ಹತ್ತಿರ ಬಿಟ್ಟುಕೊಳ್ಳುತ್ತದೆ.

ಧೂಪದಾಳದಿಂದ ಕೆಳಗೆ ನದಿಯ ದಾರಿಯೇ ಬೇರೆ, ಕಾಲುವೆಯ ದಾರಿಯೇ ಬೇರೆ. ನದಿ ಗೋಕಾಕ ಜಲಪಾತದಲ್ಲಿ ಒಮ್ಮೆಲೇ 52 ಮೀಟರ್ ಕೆಳಗೆ ಧುಮುಕುತ್ತದೆ. ಅದು ಧುಮುಕುವುದು ಕಲಾದಗಿ ಶಿಲಾವರ್ಗದ ಗಟ್ಟಿ ಮರಳುಗಲ್ಲಿನ ಮೇಲಿಂದ. ನೂರು ಕೋಟಿ ವರ್ಷಕ್ಕೂ ಹಳೆಯ ಕಲ್ಲು ಅದು. ಪಕ್ಕದಲ್ಲೇ ಚಾಲುಕ್ಯ ಶೈಲಿಯ ಗುಡಿ, ಈ ಇಳಿತದ ಬಲವನ್ನು ನಂಬಿ ಬಂದ ಹತ್ತಿ ಗಿರಣಿ, ಸುಮಾರು 200 ಮೀಟರ್ ಉದ್ದದ ತೂಗುಸೇತುವೆ. ಇಷ್ಟೇ ಆಳ ಇಳಿಯಲು ಕಿಲೋಮೀಟರಿಗೆ 20 ಸೆಂಟಿಮೀಟರಿನ ಕಾಲುವೆಗೆ 260 ಕಿಲೋಮೀಟರ್ ಬೇಕಾದೀತು. ಲೆಕ್ಕ ಮಾಡಿ ನೋಡಿದ ವಿದ್ಯಾರ್ಥಿಗೆ ಭೂಗೋಳವೂ ಭೌತಶಾಸ್ತ್ರವೂ ಒಂದೇ ದಿನದಲ್ಲಿ ಪಾಠ ಆದಂತೆ.

ಇನ್ನು ಪಾಲಕರ ಮನಸ್ಸಿನಲ್ಲಿ ಏಳುವ ಪ್ರಶ್ನೆ: ಕಾಲುವೆಯ ಬದಿ ಮಕ್ಕಳನ್ನು ಕಳಿಸುವುದು ಕ್ಷೇಮವೇ? ಭಯ ಸುಳ್ಳಲ್ಲ. ಕಾಂಕ್ರೀಟಿನ ಇಳಿಜಾರು ಪಾಚಿ ಹಿಡಿದು ಜಾರುತ್ತದೆ. ಒಮ್ಮೆ ಒಳಗೆ ಬಿದ್ದರೆ ಈಜು ಬಲ್ಲವನಿಗೂ ಹಿಡಿದು ಮೇಲೇರಲು ಆಸರೆ ಸಿಗದು. ಆದ್ದರಿಂದ ಚಿಕ್ಕವರು ಒಬ್ಬೊಬ್ಬರೇ ಹೋಗಬಾರದು, ದೊಡ್ಡವರೊಬ್ಬರು ಜೊತೆಗಿರಬೇಕು. ಹೊತ್ತು ಮುಳುಗುವ ಮೊದಲೇ ಮನೆ ಸೇರಬೇಕು. ನೀರಿನ ಕಡೆಯ ಅಂಚು ಬಿಟ್ಟು ಹೊಲದ ಕಡೆ ಸಾಲಾಗಿ ನಡೆಸಬೇಕು. ಕೈಕಾಲು ತೊಳೆಯುವ ನೆಪದಲ್ಲಿಯೂ ಕಾಲುವೆಗೆ ಇಳಿಯಬಾರದು. ಮಳೆ ಬಿದ್ದ ಮರುದಿನ ಎರೆಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಗಾಲಿ ತಿರುಗಗೊಡುವುದಿಲ್ಲ, ಅಂದು ಹೊರಡದಿರುವುದೇ ಜಾಣತನ. ಹವಾ ಪಂಪು, ಪಂಕ್ಚರಿನ ಸಾಮಾನು, ಕುಡಿಯುವ ನೀರು, ರೊಟ್ಟಿಯ ಬುತ್ತಿ ಇಷ್ಟಿದ್ದರೆ ಸಾಕು. ಹಂಗಾಮಿನಲ್ಲಿ ಕಬ್ಬಿನ ಗಾಡಿಗಳು ಏರಿಯ ಮೇಲೂ ಬರುವುದುಂಟು. ಅಂಥ ಕಡೆ ಇಳಿದು ನಿಂತು ದಾರಿ ಬಿಡಬೇಕು.

ಆದರೆ ಭಯದ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕಲ್ಲವೆ? ಕರ್ನಾಟಕ ಸರಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿತು. ಕೊರೊನಾ ಬಂದ 2020ರಲ್ಲಿ ವಿತರಣೆ ನಿಂತಿತು. ಆ ನಡುವಿನ ವರ್ಷಗಳಲ್ಲಿ ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಸೈಕಲ್ಲಿನಿಂದಲೇ ಪ್ರೌಢಶಾಲೆ ಕಂಡರು. ಸೈಕಲ್ ಕೈಗೆ ಬಂತು, ಸೈಕಲ್ಲಿಗೆ ಹಾದಿ ಮಾತ್ರ ಬರಲಿಲ್ಲ. ಟ್ರ್ಯಾಕ್ಟರು, ಲಾರಿ, ಬಸ್ಸುಗಳ ನಡುವೆಯೇ ಅವರು ಶಾಲೆಗೆ ಹೋದರು, ಇಂದಿಗೂ ಹೋಗುತ್ತಿದ್ದಾರೆ. ಅಪಾಯ ಕಾಲುವೆಯ ಬದಿಯಲ್ಲಿ ಮಾತ್ರ ಇದೆ ಎನ್ನುವಂತಿಲ್ಲ. ಕಾಲುವೆಯ ಅಪಾಯವನ್ನು ತಿರುವುಗಳಲ್ಲಿ, ಸೇತುವೆಗಳ ಬಳಿ ಒಂದಿಷ್ಟು ಕಟಾಂಜನ ಹಾಕಿ ಕಡಿಮೆ ಮಾಡಬಹುದು. ಭಾರದ ವಾಹನ ನುಗ್ಗದಂತೆ ಹಾದಿಯ ಬಾಯಿಗೆ ಎರಡು ಕಲ್ಲುಕಂಬ ನೆಡಬಹುದು, ತಗ್ಗುಗಳಿಗೆ ಗರಸು ತುಂಬಬಹುದು. ಇವಾವೂ ಪಂಚಾಯಿತಿ ಮತ್ತು ನೀರಾವರಿ ಇಲಾಖೆ ಒಟ್ಟಾದರೆ ಆಗದ ಕೆಲಸಗಳಲ್ಲ.

ಬ್ರಿಸ್ಟಲ್ಲಿನವರು ಇಡೀ ದೇಶದ ಜಾಲವನ್ನು ಮೊದಲ ದಿನವೇ ಕೇಳಲಿಲ್ಲ. ಒಂದು ತುಂಡು ಹಾದಿಯ ಕಂಟಿ ಕಡಿದು ಹಸನು ಮಾಡಿ ತೋರಿಸಿದರು. ಘಟಪ್ರಭೆಯ ಸೀಮೆಯ ಯಾವುದಾದರೂ ಶಾಲೆಯ ಮಕ್ಕಳು ಪಾಲಕರನ್ನು ಜೊತೆಗೆ ಕರೆದುಕೊಂಡು, ಇಲಾಖೆಯ ಒಪ್ಪಿಗೆ ಪಡೆದು, ಒಂದು ಭಾನುವಾರ ಐದು ಕಿಲೋಮೀಟರ್ ಏರಿಯನ್ನು ಸೈಕಲ್ ಮೇಲೆ ಅಳೆದು ಬರಲಿ. ಎಲ್ಲಿ ತಗ್ಗು, ಎಲ್ಲಿ ಅಂಚು ಕುಸಿದಿದೆ, ಎಲ್ಲಿ ನೆರಳಿನ ಮರ ಬೇಕು ಎಂದು ನೋಟ್‌ಬುಕ್ಕಿನಲ್ಲಿ ಬರೆದು ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಲಿ. ಹಾದಿ ಆಗಲೇ ಬಿದ್ದಿದೆ, ಅದರ ಮೇಲೆ ಗಾಲಿ ಉರುಳುವುದಷ್ಟೇ ಬಾಕಿ.